ಬಸವನಹುಳು ಪ್ರಬಂಧ ಪ್ರತ್ಯಾಹರಣ ಪ್ರಸಂಗ

ಎಲೈ ಸಭಾಸದರೇ, ಕಿವಿಗೊಡಿ! ಸಂಶೋಧನಾ ಪ್ರಬಂಧಗಳ ಸಂಖ್ಯೆಯೇ ಅಧ್ಯಾಪಕಕುಲದ ಆಯುಷ್ಯವೂ ಐಶ್ವರ್ಯವೂ ಆಗಿದ್ದ, ಪ್ರಕಟವಾಗದವರನ್ನು ಪ್ಯೂನನೂ ಲಕ್ಷಿಸದಿದ್ದ ಆ ಘೋರಯುಗದಲ್ಲಿ, ಹಾವೇರಿ ಕಡೆಯ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗವನ್ನು ತನ್ನ ಭೂತಗನ್ನಡಿಯ ಪ್ರಭೆಯಿಂದ ಬೆಳಗುತ್ತಿದ್ದ, ಕರ್ದಮಚಾರಿಣಿ, ಶಂಬೂಕಕುಲಪರಿಶೋಧನಧುರಂಧರೆ, ಅರ್ಥಾತ್ ಬಸವನಹುಳುಗಳ ಪಂಡಿತೆ, ಡಾಕ್ಟರ್ ಗುರುಸಿದ್ಧವ್ವ ಕರಡಿ ಎಂಬ ವೀರಾಂಗನೆಯಿದ್ದಳು.

ಹೊಸ ಜಾತಿಯ ಬಸವನಹುಳುವೊಂದನ್ನು ಕಂಡುಹಿಡಿದೆನೆಂದು ಆಕೆ ಬರೆದ ಪ್ರಬಂಧ ಘನತರ ನಿಯತಕಾಲಿಕೆಯೊಂದರ ಗರ್ಭಗುಡಿ ಸೇರಿ ವರ್ಷವಾಗಿತ್ತು. ಒಂದು ಸೋಮವಾರ, ಗಾಜಿನ ತೊಟ್ಟಿಯಲ್ಲಿ ಸಾಕಿದ್ದ ಆ ಅಪೂರ್ವ ಜೀವಿ ಬೆಳೆದು ದೊಡ್ಡದಾಗಿ, ತಾನು ಹಿತ್ತಿಲ ಮಾಮೂಲಿ ಬಸವನಹುಳುವಿನ ಮರಿಯಾಗಿದ್ದೆನೆಂದು ನಿರ್ಲಜ್ಜವಾಗಿ ಸಾರಿತು.

ಗುರುಸಿದ್ಧವ್ವಳ ಹೃದಯ ಪ್ರಳಯಕಾಲದ ಕಡಲಿನಂತೆ ಮೊರೆಯಿತು. ಅಸತ್ಯ ಅಚ್ಚಾಗುವ ಮೊದಲೇ ಪ್ರಬಂಧವನ್ನು ಹಿಂಪಡೆಯಬೇಕು. ಅದಕ್ಕೆ ಸಹಲೇಖಕರ ಸಹಿ ಬೇಕು. ಸಹಲೇಖಕರೋ, ಬಡ್ತಿಯ ಹೊಸ್ತಿಲಲ್ಲಿ ಒಂದು ಕಾಲಿಟ್ಟು ನಿಂತಿದ್ದ, ಆ ತೊಟ್ಟಿಯನ್ನು ಒಮ್ಮೆಯೂ ಇಣುಕದ, ಪರಕೃತಿಸ್ವನಾಮಲೇಖನಪಟು, ವಿಭಾಗಮುಖ್ಯಸ್ಥ ಪ್ರೊಫೆಸರ್ ಚನವೀರಗೌಡರು.

“ಹುಚ್ಚ ಹಿಡದೈತೇನ್ರಿ ಮೇಡಂ ನಿಮಗ?” ಎಂದು ಅವರು ಮೇಜು ಗುದ್ದಲು ಚಹಾದ ಕಪ್ಪುಗಳು ರಣಭೇರಿಗಳಂತೆ ಮೊಳಗಿದವು. “ಒಂದ ಹುಳದ ಸಲುವಾಗಿ ನನ್ನ ಬಡ್ತಿ ಬಲಿ ಕೊಡಬೇಕೇನು? ಅದು ದೊಡ್ಡದಾಗಿದ್ದು ಯಾರು ನೋಡ್ಯಾರ?”

“ನಾ ನೋಡೀನ್ರಿ ಸರ್! ಮೂರು ಮಳೆಗಾಲ ಕೆಸರಾಗ ನಿಂತೀನಿ, ಜಿಗಣಿ ಕಡಸ್ಕೊಂಡೀನಿ, ಹಾವು ಬಂದ್ರೂ ಹಿಂದ ಸರದಿಲ್ಲ. ಇವತ್ತ ಸುಳ್ಳಿನ ಮುಂದ ಸರೀತೀನೇನು? ನೀವು ಸಹಿ ಮಾಡೂಮಟ ಈ ಕುರ್ಚಿ ಬಿಟ್ಟು ಏಳೂದಿಲ್ರಿ!”

ಎರಡು ತಾಸು ವಾಗ್ಬಾಣಗಳು ಸುರಿದವು. ಕಡೆಗೆ ಊಟದ ವೇಳೆ ಸಮೀಪಿಸಲು ಗೌಡರು ಗಾಯಗೊಂಡ ಗಜರಾಜನಂತೆ ನಿಟ್ಟುಸಿರಿಟ್ಟು ಸಹಿ ಹಾಕಿದರು. ಗುರುಸಿದ್ಧವ್ವ ಕಂಪ್ಯೂಟರಿನೆದುರು ಕುಳಿತು, ಮರೆತುಹೋದ ಪಾಸ್‌ವರ್ಡಿನ ಸಪ್ತದುರ್ಗಗಳನ್ನು ಭೇದಿಸಿ, ತಾನು ಯಂತ್ರವಲ್ಲವೆಂದು ನಾಲ್ಕು ಬಾರಿ ಪ್ರಮಾಣ ಮಾಡಿ, ಮೂರು ಮಳೆಗಾಲಗಳನ್ನು ನೆನೆದು ಕಣ್ಣೊರೆಸಿಕೊಳ್ಳುತ್ತ, ಹಿಂತೆಗೆತದ ಪತ್ರವನ್ನು ಕಳುಹಿಸಿದಳು.

ಮರುದಿನ ಸಂಪಾದಕರ ಉತ್ತರ ಬಂದಿತು. ವಿಭಾಗಕ್ಕೆ ವಿಭಾಗವೇ ಉಸಿರು ಬಿಗಿಹಿಡಿದು ನೆರೆಯಿತು. ಆಕೆ ಗಂಭೀರಕಂಠದಿಂದ ಓದಿದಳು: “ಈ ಪ್ರಬಂಧವನ್ನು ಹನ್ನೊಂದು ತಿಂಗಳ ಹಿಂದೆಯೇ ತಿರಸ್ಕರಿಸಿದ್ದೇವೆ. ದಯವಿಟ್ಟು ನಿಮ್ಮ ಸ್ಪ್ಯಾಮ್ ಪೆಟ್ಟಿಗೆ ನೋಡಿ.”

ಫ್ಯಾನು ಕಿರುಗುಟ್ಟಿತು. ಚನವೀರಗೌಡರು ಮೆಲ್ಲಗೆ ಕೈ ಚಾಚಿದರು.

“ಹಂಗಾರ ನನ್ನ ಸಹಿ ವಾಪಸ್ ಕೊಡ್ರಿ ಮೇಡಂ.”