ಹಿಟ್ಟಿನ ಡಬ್ಬಿಯಲ್ಲಿರುವ ಹೆಲಿಕಾಪ್ಟರಿನ ಬಿಡುಗಡೆ ಕುರಿತು

“ಟ್ರ್ಯಾಕ್ಟರ್ ಮ್ಯಾಲಿಂದ ಬಿದ್ದದ್ದು ಸಾಲಲಿಲ್ಲೇನ್ರಿ? ಈಗ ಮನ್ಯಾಗ ಇಮಾನ ಬ್ಯಾರೆ! ತರ್ರಿ ಇಲ್ಲಿ ಅದನ್ನ.”

(ಮೇಲ್ಕಂಡದ್ದು ತಮ್ಮ ಮೌಖಿಕ ಜಪ್ತಿ ಆದೇಶ. ಇದನ್ನೇ ಉಲ್ಲೇಖವೆಂದು ಓದಿಕೊಳ್ಳುವುದು.)

ಐನಾಪುರ, 9-2-2012

ಇಂದ: ಮುರಗೆಪ್ಪ, ವಯಸ್ಸು 56, ದ್ರಾಕ್ಷಿ ಬೆಳೆಗಾರ, ಸದ್ಯ ಸೊಂಟಕ್ಕೆ ಪಟ್ಟಿ, ಪಡಸಾಲೆಯ ಮಂಚ.

ಗೆ: ಶ್ರೀಮತಿ ಶಿವಗಂಗವ್ವ, ಅರ್ಜಿದಾರನ ಪತ್ನಿ ಹಾಗೂ ಸಕಲ ಕೀಲಿಗಳ ಅಧಿಕಾರಿ, ಅಡುಗೆಮನೆ.

ವಿಷಯ: ಜೋಳದ ಹಿಟ್ಟಿನ ಡಬ್ಬಿಯಲ್ಲಿ ಎಂಟು ದಿನದಿಂದ ಬಂಧನದಲ್ಲಿರುವ ರಿಮೋಟ್ ಹೆಲಿಕಾಪ್ಟರನ್ನು ಬಿಡುವ ಬಗ್ಗೆ.

ಮಾನ್ಯರೇ,

1. ಸೊಂಟ ಉಳುಕಿದ ಕಾರಣ ಡಾಕ್ಟರು ಮೂರು ತಿಂಗಳು ಹೊಲದ ಕಡೆ ಹೋಗಬಾರದೆಂದರು. ಆದ್ದರಿಂದ ತಾವು ಟ್ರ್ಯಾಕ್ಟರಿನ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡಿರಿ. ಎತ್ತುಗಳನ್ನು ತಮ್ಮ ಸಹೋದರ ಭರತನ ಮನೆಗೆ ಅಟ್ಟಿದಿರಿ. ಹೀಗಾಗಿ, ಅರ್ಜಿದಾರನ ಮಾತು ಕೇಳುವಂಥದ್ದು ಮನೆಯಲ್ಲಿ ಯಾವುದೂ ಉಳಿಯಲಿಲ್ಲ. ಜೋಡೆತ್ತು ಒಯ್ದ ಭರತ ಉದಾರಿ. ಬದಲಿಗೆ ಮಿರಜದಿಂದ ಅಂಗೈಯಷ್ಟು ಹೆಲಿಕಾಪ್ಟರ್ ತಂದುಕೊಟ್ಟ.

2. ನಲವತ್ತು ವರ್ಷ ಎತ್ತಿನ ಹಿಂದೆ ನಡೆದ ರೂಢಿಯಂತೆ ಅರ್ಜಿದಾರ ರಿಮೋಟ್ ಹಿಡಿದು ಅದರ ಬಾಲದ ಹಿಂದೆಯೇ ನಡೆದ. “ಹೋ ಹೋ, ಬಲಕ್ಕ ಬಾ ನನ್ನಪ್ಪ” ಎಂದ. ಎರಡು ಸುತ್ತು ಬಂತು. ಮೂರನೆಯದಕ್ಕೆ ಗೋಡೆ ತಾಗಿ ಇವನ ಕಡೆಗೇ ಮೂತಿ ತಿರುಗಿಸಿತು. ಯಾವ ಎತ್ತೂ ಇಷ್ಟು ಅಗೌರವ ತೋರಿದ್ದಿಲ್ಲ. ಮೂತಿ ಎದುರಾದರೆ ಎಡ ಬಲ ಅದಲುಬದಲು. ಇವನು ಬಲಕ್ಕೆ ಒತ್ತಿದ. ಅದು ಇವನ ಎಡಕ್ಕೆ ಹಾರಿ ತಮ್ಮ ತುರುಬಿನಲ್ಲಿ ಕೂತಿತು. ಬಹಳ ನಾಜೂಕಾಗಿ ಕೂತಿತೆಂಬುದನ್ನು ತಾವು ಪರಿಗಣಿಸಲೇ ಇಲ್ಲ.

3. “ಸತ್ನ್ಯೋ ಯವ್ವಾ!” ಎಂದು ತಾವು ಕೂಗಿದ್ದು ನಿಜ. ನಂತರದ ಎಂಟೂ ದಿನ ಬೈದಿರುವುದರಿಂದ, ಸತ್ತಿಲ್ಲವೆಂದು ದೃಢಪಟ್ಟಿದೆ.

4. ತಾವು ದಿನಾ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಚಟ್ನಿಗೆ ಮಿಕ್ಸರ್ ಹಚ್ಚುವ ಕಾರಣ ಮುಖತಃ ಹೇಳಲಾಗಿಲ್ಲ. ಚಟ್ನಿ ತಾಟಿಗೂ ಬಂದಿಲ್ಲ.

ಆದ್ದರಿಂದ, ಹಗ್ಗ ಹಿಡಿದ ಕೈ ಈಗ ಬರೀ ಹೊದಿಕೆ ಹಿಡಿದು ಮಲಗಿರುವ ಕಾರಣ, ಹಿಡಿಯಲು ಏನಾದರೊಂದು ದಯಪಾಲಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ, ಬೇರೆ ದಾರಿಯಿಲ್ಲದ,
ಮುರಗೆಪ್ಪ

ಅಡಕ: ಮುರಿದ ಹೇರ್‌ಪಿನ್, ಒಂದು. ಕೂದಲು, ಮೂರು (ಬಿಳಿಯದನ್ನು ಯಾರಿಗೂ ತೋರಿಸಿಲ್ಲ).

ವಿ.ಸೂ.: ಅರ್ಜಿದಾರ ಇದನ್ನು ಖುದ್ದಾಗಿ ಕೊಡಲು ಹೋದಾಗ ಅಡುಗೆಮನೆ ಬಾಗಿಲು ಹಾಕಿತ್ತು. ಒಳಗೆ ಗುಂಯ್ ಎಂಬ ಸದ್ದು. ಹಿಂದೆಯೇ ಒಂದು ತಂಬಿಗೆ ಉರುಳಿತು.

“ಏನ್ ನಡದೈತಿ ಒಳಗ?”

“ಚಟ್ನಿ ಮಾಡಾಕತ್ತೀನ್ರಿ. ಮಲಕೊಳ್ರಿ ನೀವು.”

“ಚಟ್ನಿ ಮೂತಿ ನಿನ್ನ ಕಡೆ ತಿರುಗಿದ್ರ ಉಲ್ಟಾ ಒತ್ತು, ಲೇ!”

ಆಮೇಲೆ ಬಾಗಿಲು ಅರ್ಧ ತೆರೆಯಿತು. ಹಿಟ್ಟು ಮೆತ್ತಿದ ಹೆಲಿಕಾಪ್ಟರ್ ಹೊರಬಂದು, ಒಮ್ಮೆ ಇವನ ಕಡೆ ಮೂತಿ ತಿರುಗಿಸಿ, ನೆಟ್ಟಗೆ ಮಂಚದ ಮೇಲೆ ಇಳಿಯಿತು. ರಿಮೋಟ್ ಒಳಗೇ ಉಳಿಯಿತು.