ಫೋನಿನ ಬೀಗವೂ ಎಮ್ಮಿಗನೂರಿನ ಬೀಗರೂ

ನನ್ನ ಹೆಸರಿನಲ್ಲಿರುವ ವಸ್ತುಗಳೆಲ್ಲ ನನ್ನ ಮಾತು ಕೇಳುತ್ತವೆ ಎಂಬ ಭ್ರಮೆ ನನಗೆಂದೂ ಇಲ್ಲ. ನನ್ನ ಸ್ಕೂಟರು ತನಗೆ ಮನಸ್ಸಾದಾಗ ಮಾತ್ರ ಚಾಲೂ ಆಗುತ್ತದೆ. ಆದರೆ ಮೊಬೈಲೊಂದು ನನಗೆ ಇಂಗ್ಲಿಷಿನಲ್ಲಿ ಬುದ್ಧಿ ಹೇಳಿದ್ದನ್ನು ಸಹಿಸಲಾಗಲಿಲ್ಲ.

ಸಂಡೂರಿನ ಅದಿರು ಊರೂರಿಗೂ ಕೆಂಪು ಬಳಿಯುತ್ತಿದ್ದ ಕಾಲ ಅದು. ಅಲ್ಲಿ ಲಾರಿಗಳನ್ನಿಟ್ಟಿದ್ದ ನನ್ನ ಹೆಂಡತಿಯ ಅಣ್ಣ, ಹೊಸಪೇಟೆಯಲ್ಲಿ ಮೇಷ್ಟ್ರಾಗಿದ್ದ ನನಗೆ ದುಬಾರಿ ಫೋನು ತಂದುಕೊಟ್ಟಿದ್ದರು. ನಮ್ಮ ಮಗಳನ್ನು ನೋಡಿಹೋದ ಎಮ್ಮಿಗನೂರಿನ ಗಂಡಿನ ಕಡೆಯವರು ಏನೂ ಹೇಳಿ ಕಳಿಸಿರಲಿಲ್ಲ. ಒಳ್ಳೆಯ ದಿನ ನೋಡಿ ನಾವೇ ವಿಚಾರಿಸೋಣ ಎಂದಳು ಹೆಂಡತಿ ಗಿರಿಜಾ. ಸಹೋದ್ಯೋಗಿಯೊಬ್ಬರಿಂದ ಕನ್ನಡ ಪಂಚಾಂಗದ ಸಾಫ್ಟ್‌ವೇರ್ ತಂದು ಫೋನಿಗೆ ಹಾಕಹೋದೆ. ಇದಕ್ಕೆ ಸರ್ಟಿಫಿಕೇಟ್ ಇಲ್ಲ, ಒಳಗೆ ಬಿಡುವುದಿಲ್ಲ ಎಂದಿತು ಫೋನು. ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟಿದ್ದ ಬಸವರಾಜನ ಬಳಿ ಓಡಿದೆ.

“ಕಂಪನಿ ಒಪ್ಪಿದ್ದನ್ನಷ್ಟ ಒಳಗ ಬಿಡತೈತ್ರಿ ಸರ,” ಎಂದ.

“ಫೋನು ನಂದಲ್ಲೇನಪಾ?”

“ಫೋನ್ ನಿಮ್ದರಿ. ಒಳಗ ಯಾರ್ ಬರಬೇಕು ಅನ್ನೋದು ಅವರ್ದು.”

ಮನೆ ಕಟ್ಟಿದ ಗೌಂಡಿ ಬಾಗಿಲಲ್ಲೇ ಕೂತು ನಮ್ಮ ನೆಂಟರನ್ನು ವಿಚಾರಿಸಿದಂತಾಯಿತು. ಕಂಪನಿ ಹಾಕಿದ ಆ ಬೀಗ ತೆಗೆಯಲು ಹೇಳಿದೆ. “ತೆಗೀತೀನ್ರಿ. ಆಮ್ಯಾಲೆ ಯಾರ್ ಬಂದ್ರೂ ನನ್ನ ಕೇಳಬ್ಯಾಡ್ರಿ,” ಎಂದು ತೆಗೆದುಕೊಟ್ಟ.

ಪಂಚಾಂಗ ಬಂತು. ಮರುದಿನ ಕಂಪ್ಲಿ ಬಸ್ಸಿನಲ್ಲಿ ಕೂತಿದ್ದಾಗ ಬ್ಲೂಟೂತಿನಲ್ಲಿ ಯಾರದೋ ಫೋನಿನಿಂದ ಇನ್ನೇನೋ ಬಂದು, ಒಳಗೆ ಬರಲೇ ಎಂದು ಕೇಳಿತು. ಹೊಸದಾಗಿ ಮಾಲೀಕನಾದ ಉದಾರತನದಲ್ಲಿ ಹೂಂ ಎಂದು ಒತ್ತಿದೆ. ಅದು ವೈರಸ್ಸಂತೆ. ಬೆಳಗಾಗುವಷ್ಟರಲ್ಲಿ ಫೋನಿನಲ್ಲಿದ್ದ ಹೆಸರುಗಳಿಗೆಲ್ಲ ತಾನೇ ಮೆಸೇಜು ಕಳಿಸುತ್ತ ಕೂತಿತ್ತು. ನಮ್ಮ ಹೆಡ್ ಮಾಸ್ತರರಿಗೆ, ಎಮ್ಮಿಗನೂರಿನವರಿಗೆ, ಎಲ್ಲರಿಗೂ.

“ಸಂಬಂಧ ಹೋತು ತಗೋರಿ,” ಎಂದು ಗಿರಿಜಾ ತಲೆಗೆ ಕೈಹೊತ್ತು ಕೂತಳು. “ಕಂಪನಿಯವ್ರು ಸುಮ್ನ ಬೀಗ ಹಾಕಿದ್ರೇನು?” ಬೀಗ ತೆಗೆಸಿದ ನನ್ನ ಕೈಯನ್ನು ನಾನೇ ಶಪಿಸಿಕೊಂಡೆ.

ಅಷ್ಟರಲ್ಲಿ ಎಮ್ಮಿಗನೂರಿನ ಹಿರಿಯರೇ ಫೋನು ಮಾಡಿದರು. “ಏನ್ರಿ ಮಾಸ್ತರ, ಒಂದರ ಮ್ಯಾಲೊಂದು ಮೆಸೇಜ್ ಕಳಿಸಾಕತ್ತೀರಿ. ನಮಗ ತೆಗೆಯಾಕ ಬರಲಿಲ್ಲ. ಆದ್ರ ನಿಮಗ ಮನಸೈತಿ ಅಂತ ತಿಳೀತು. ನೀವ ಒಲ್ಲೆ ಅಂತೀರೇನೋ ಅಂತ ಸುಮ್ನಿದ್ವಿ. ಸೋಮವಾರ ಬರ್ತೀವಿ.”

ಮದುವೆ ನಡೆಯಿತು. ನನ್ನ ಗೊಂದಲ ಮಾತ್ರ ಹರಿಯಲಿಲ್ಲ. ಬೀಗವಿದ್ದಿದ್ದರೆ ಬೀಗರು ಸಿಗುತ್ತಿರಲಿಲ್ಲ. ಬೀಗವಿಲ್ಲದ್ದಕ್ಕೆ ಹೆಡ್ ಮಾಸ್ತರರು ಇಂದಿಗೂ ನನ್ನ ಮೆಸೇಜು ತೆರೆಯುವುದಿಲ್ಲ. ವೈರಸ್ಸು ತೆಗೆದ ದಿನ ಬಸವರಾಜ ಕೇಳಿದ್ದ, “ತಿರುಗಿ ಬೀಗ ಹಾಕ್ಲೇನ್ರಿ ಸರ? ಮಾಲಕರು ನೀವು, ನೀವ ಹೇಳ್ರಿ.”

ನಾನು ಬಹಳ ಯೋಚಿಸಿ, “ಮನ್ಯಾಗ ಕೇಳಿ ಹೇಳ್ತೀನಪಾ,” ಎಂದೆ.