ಧೂಪ ತಗುಲಿದ ದವಡೆಯನ್ನು ರದ್ದುಪಡಿಸುವ ಬಗ್ಗೆ

ಇಂದ,
ಹಿಲಾರಿಯಾನ್ ಟಿಕೋನಾ,
ಪುಟಾಣಿ ಸಾಮಾನು ಮಾಡುವವನು,
ಎಲ್ ಆಲ್ತೊ.

ಗೆ,
ಶ್ರೀಮಾನ್ ಏಕೆಕೊ ಅವರು,
ಬಯಸಿದ್ದನ್ನು ಕೊಡುವ ದೇವರು,
ನಮ್ಮ ಅಡುಗೆಮನೆ ಕಪಾಟಿನ ಮೇಲೆ, ಎಣ್ಣೆ ಡಬ್ಬಿಯ ಪಕ್ಕ.

ವಿಷಯ: ನನ್ನ ಮೊಮ್ಮಗಳು ನೈದಾಳಿಗೆಂದು ಆತುರದಲ್ಲಿ ಬೇಡಿಕೊಂಡ ದವಡೆಯನ್ನು ರದ್ದುಪಡಿಸಿ, ಕಂಪ್ಯೂಟರಿನಲ್ಲಿ ತಿದ್ದಿದ ದವಡೆಯನ್ನು ಮಂಜೂರು ಮಾಡುವ ಬಗ್ಗೆ.

ಉಲ್ಲೇಖ: 1) ಜನವರಿ ಇಪ್ಪತ್ತನಾಲ್ಕರ ಮಟಮಟ ಮಧ್ಯಾಹ್ನ ಆಲಸೀತಾಸ್ ಸಂತೆಯಲ್ಲಿ ತಮಗೆ ಬಾಯಿಮಾತಿನಲ್ಲಿ ಸಲ್ಲಿಸಿದ ಬೇಡಿಕೆ.
2) ಅದಕ್ಕೆ ತಮ್ಮ ಮೌನ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಮೂರನೇ ಇಯತ್ತೆಗೇ ಸ್ಲೇಟು ಕೆಳಗಿಟ್ಟವನು. ಅರ್ಜಿಯ ಧಾಟಿ ನನ್ನ ಗೂಡಂಗಡಿ ಪಕ್ಕದಲ್ಲಿ ಟೈಪು ಕುಟ್ಟುವವನಿಂದ ಕಿವಿಗೆ ಬಿದ್ದದ್ದು. ಆದಕಾರಣ ತಪ್ಪೊಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳತಕ್ಕದ್ದು.

1. ಜನ ತಮಗೆ ಬೇಕಾದದ್ದರ ಪುಟಾಣಿ ಪ್ರತಿಯನ್ನು ಸಂತೆಯಲ್ಲಿ ಕೊಂಡು, ಹೊತ್ತು ನೆತ್ತಿಗೆ ಬಂದ ಗಳಿಗೆಯಲ್ಲಿ ಧೂಪ ಹಾಕಿಸಿದರೆ, ವರ್ಷ ತುಂಬುವುದರೊಳಗೆ ತಾವು ಅದನ್ನೇ ನಿಜದ ಅಳತೆಯಲ್ಲಿ ದಯಪಾಲಿಸುತ್ತೀರಿ. ತೋರಿಸಿದ್ದನ್ನೇ ಕೊಡುತ್ತೀರಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಇದನ್ನು ನಾನೇ ಗಿರಾಕಿಗಳಿಗೆ ಜೀವಮಾನವಿಡೀ ಉಪದೇಶ ಮಾಡಿದ್ದೇನೆ: "ಮನೆಗೆ ಬಾಗ್ಲು ಇದೆಯಾ ನೋಡಿ ತಗೋ ತಾಯೀ, ಆಮೇಲೆ ಕಿಟಕೀಲಿ ಇಳೀಬೇಕಾದೀತು." ಉಪದೇಶ ಊರಿಗೆಲ್ಲ ಹಂಚಿ ಖರ್ಚಾಗಿ, ಮನೆಗೆ ಉಳಿಯಲಿಲ್ಲವೆಂದು ಈಗ ಕಂಡುಬಂದಿದೆ.

2. ನೈದಾಳ ಕೆಳದವಡೆ ಮುಂದಕ್ಕೆ ಚಾಚಿದೆ, ಸ್ವಲ್ಪ ಎಡಕ್ಕೂ ವಾಲಿದೆ. ಮುಂದಿನ ಹಲ್ಲುಗಳು ಒಂದನ್ನೊಂದು ಮುಟ್ಟಿಯೇ ಇಲ್ಲ. ಬ್ರೆಡ್ಡು ಕಚ್ಚಲಾರಳು, ಹರಿದು ಪಕ್ಕದ ಹಲ್ಲಿಗೆ ಕೊಡುತ್ತಾಳೆ. ಶಾಲೆಯಲ್ಲಿ ಹುಡುಗರು, "ಏ ಮೇಜಿನ ಖಾನೆ, ಒಳಗೆ ತಳ್ಕೊಳ್ಳೇ!" ಎನ್ನುತ್ತಾರೆ. ಕಾರಣ, ಉಣ್ಣುವಾಗ ನನ್ನೆದುರಿಗೂ ಅವಳು ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ.

3. ಆಸ್ಪತ್ರೆಯ ಹಿರಿಯ ವೈದ್ಯ ಡಾ. ಬೆರ್ರಿಯೋಸ್ ಅವಳ ಹಲ್ಲಿನ ಅಚ್ಚು ತೆಗೆದು ಪ್ಲಾಸ್ಟರಿನಲ್ಲಿ ಎರಡೂ ದವಡೆ ಎರಕ ಹೊಯ್ದರು. ಅವನ್ನು ಕೀಲುಳ್ಳ ಚೌಕಟ್ಟಿನಲ್ಲಿ ಕೂರಿಸಿ, ಗರಗಸದಲ್ಲಿ ಕುಯ್ದು, ಹಿಂದಕ್ಕೆ ಸರಿಸಿ, ಮೇಣ ಮೆತ್ತಿ, "ಇಲ್ಲಿಗೆ ಬರ್ಬೇಕು ನೋಡಿ" ಎಂದರು. ಗರಗಸ, ಮೇಣ, ಪ್ಲಾಸ್ಟರು! ಆಹಾ, ಇವರು ನಮ್ಮ ಕಸುಬಿನವರೇ ಎಂದು ನನಗೆ ಎದೆಯುಬ್ಬಿತು. ಅಲ್ಲೇ ನೋಡಿಕೊಂಡು ಹೆಬ್ಬೆರಳಿನಷ್ಟು ಪ್ರತಿ ಮಾಡಲು ಕೂತೆ.

"ಹಿಲಾರಿಯಾನ್ ಅವ್ರೇ, ಇನ್ನೂ ಪರೀಕ್ಷೆ ಬಾಕಿ ಇದೆ. ಮೊದ್ಲು ನಾನು ಮುಗಿಸ್ಲಿ, ಆಮೇಲೆ ನೀವು ಮಾಡಿ" ಎಂದು ಅವರು ಹೇಳಿದ್ದುಂಟು.

"ಸಂತೆ ಯಾರಿಗೂ ಕಾಯಲ್ಲ ಡಾಕ್ಟ್ರೇ" ಎಂದು ನಾನು ಅಂದದ್ದೂ ಉಂಟು.

4. ಅದರಂತೆ ಸದರಿ ದವಡೆಗೆ ಧೂಪ ಹಾಕಿಸಿ, ಹೂವಿನೆಸಳು ಉದುರಿಸಿ, ಸಾರಾಯಿ ಚಿಮುಕಿಸಿ, ತಮ್ಮ ಕೊರಳಿಗೆ ಪುಟಾಣಿ ಅಕ್ಕಿಮೂಟೆ, ಮೋಟಾರುಗಳ ನಡುವೆ ನೇತುಹಾಕಲಾಯಿತು. ಧೂಪ ಹಾಕಿದ ಅಜ್ಜಿ, "ಇದೇನಯ್ಯಾ, ಕುದುರೆ ಲಾಳವಾ?" ಎಂದು ಕೇಳಿದಳು. ನನ್ನ ಕೈಚಳಕದ ಬಗ್ಗೆ ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ.

5. ಬಳಿಕ ಕಿರಿಯ ವೈದ್ಯೆ ಡಾ. ಉರ್ಕಿಡಿ ನೈದಾಳ ತಲೆಯನ್ನು ಯಂತ್ರದೊಳಗೆ ತೂರಿಸಿ ಚಿತ್ರ ಹಿಡಿದು, ಬುರುಡೆಯನ್ನೇ ಕಂಪ್ಯೂಟರಿನಲ್ಲಿ ಬುಗುರಿಯಂತೆ ತಿರುಗಿಸಿ ತೋರಿಸಿದರು. ನನಗೆ ತಲೆ ತಿರುಗಿ ಕುರ್ಚಿ ಹಿಡಿದುಕೊಂಡೆ. ತಿಳಿದುಬಂದದ್ದಿಷ್ಟು: ಪ್ಲಾಸ್ಟರಿನ ಅಚ್ಚನ್ನು ಚೌಕಟ್ಟಿನಲ್ಲಿ ಕೂರಿಸುವಾಗ ಎರಡು ಕಿವಿಗಳನ್ನೇ ಮಟ್ಟವೆಂದು ಹಿಡಿಯುತ್ತಾರೆ. ನೈದಾಳದ್ದು ಒಂದು ಕಿವಿ ತುಸು ತಗ್ಗು. ಆದ್ದರಿಂದ ಮಟ್ಟವೇ ಓರೆ.

ಡಾ. ಬೆರ್ರಿಯೋಸ್ ಕನ್ನಡಕ ಒರೆಸಿಕೊಂಡು, "ಹೌದು. ನನ್ನ ಪ್ರಕಾರ ಕೊಯ್ದ್ರೆ ಹಲ್ಲೇನೋ ಕೂರುತ್ತೆ, ಮುಖ ಓರೆಯಾಗೇ ಉಳಿಯುತ್ತೆ. ಈಯಮ್ಮನ ಲೆಕ್ಕಾನೇ ಹಿಡಿಯೋಣ" ಎಂದರು.

"ಅಯ್ಯೋ, ನಿಮ್ದಕ್ಕೆ ಧೂಪ ಹಾಕ್ಸಿ ಆಗಿದೆಯಲ್ಲ ಡಾಕ್ಟ್ರೇ!" ಎಂದು ನಾನು ಕೂಗಿಕೊಂಡೆ.

ವೈದ್ಯರಿಬ್ಬರೂ ಮುಖ ಮುಖ ನೋಡಿಕೊಂಡರು. ಡಾ. ಉರ್ಕಿಡಿ ಈ ಊರಲ್ಲೇ ಹುಟ್ಟಿದವರು, ನಗಲಿಲ್ಲ. "ವಾಪಸ್ ತಗೊಳ್ಳೋಕೆ ದಾರಿ ಇಲ್ವಾ ತಾತ?" ಎಂದು ಮೆಲ್ಲಗೆ ಕೇಳಿದರು.

6. ನೈದಾಳ ತಂದೆತಾಯಿ ಇಬ್ಬರೂ ಇಲ್ಲವಾದ್ದರಿಂದ ಒಪ್ಪಿಗೆಯ ಸಹಿ ನನ್ನದೇ ಆಗಬೇಕು. ಶಸ್ತ್ರಕ್ರಿಯೆ ಗುರುವಾರ. ನಾಳೆಯೊಳಗೆ ಸಹಿ ಬೀಳದಿದ್ದರೆ ಸರದಿ ಬೇರೆಯವರಿಗೆ ಹೋಗಿ, ಇವಳದು ಮುಂದಿನ ವರ್ಷಕ್ಕೆ. ಎರಡು ಸಲ ಕಾಗದ ನನ್ನ ಮುಂದೆ ಬಂತು, ಎರಡು ಸಲವೂ ಕನ್ನಡಕ ಮರೆತೆನೆಂದೆ. ಕನ್ನಡಕ ಹಣೆಯ ಮೇಲೇ ಇತ್ತು. ತಾವು ಓರೆಯದನ್ನು ಕೊಡಲು ಮುಂದಾಗಿ, ವೈದ್ಯೆ ನೆಟ್ಟಗಿನದನ್ನು ಕೂರಿಸಲು ಹೋದರೆ, ನಡುವೆ ಎಳೆದಾಡಿಸಿಕೊಳ್ಳುವುದು ಮಗುವಿನ ಮೂಳೆಯಲ್ಲವೇ?

ನಿನ್ನೆ ನೈದಾ ಸಾರು ಬಡಿಸುತ್ತಾ, "ತಾತ, ಕೊಯ್ಯೋದು ಡಾಕ್ಟ್ರಮ್ಮ, ನಿನ್ನ ಮೀಸೆಯಪ್ಪ ಅಲ್ಲ" ಎಂದು ತಮ್ಮತ್ತ ಸೌಟು ತೋರಿಸಿದಳು. (ಹುಡುಗಿಯ ಮಾತನ್ನು ಕಡತದಲ್ಲಿ ಸೇರಿಸಬಾರದಾಗಿ ವಿನಂತಿ.)

"ಹಂಗಲ್ಲ ಕಣೇ, ಹೆಚ್ಚುಕಮ್ಮಿ ಆದ್ರೆ?"

"ನಂಗೇನು ಭಯ ಇಲ್ಲ ಅನ್ಕೊಂಡ್ಯಾ? ಮುಖಾನೇ ಕೊಯ್ತಾರೆ ತಾತ! ಆದ್ರೂ ಹೋಗ್ತೀನಿ ಅಂತಿದೀನಿ. ನೀನು ಹೆಸ್ರು ಗೀಚೋಕೆ ನಡುಗ್ತೀಯಲ್ಲ!" ಎಂದವಳು ತಟ್ಟೆ ಹಿಡಿದು ಗೋಡೆಗೆ ಮುಖ ಮಾಡಿ ಕೂತಳು.

7. ತಾವೂ ಪ್ಲಾಸ್ಟರಿನವರೇ ಆದಕಾರಣ, ಪ್ಲಾಸ್ಟರ್ ದವಡೆಯತ್ತ ತಮಗೆ ಸ್ವಜಾತಿ ಮಮತೆ ಇರುವುದು ಸಹಜ. ನನಗೂ ಇತ್ತು. ಆದರೆ ಕಂಪ್ಯೂಟರಿನ ದವಡೆ ಬರೀ ಬೆಳಕಲ್ಲ. ಅದನ್ನು ಯಂತ್ರವೊಂದು ಪದರ ಪದರವಾಗಿ ಹೊರಹಾಕಿತು, ಡಾ. ಉರ್ಕಿಡಿ ನನ್ನ ಅಂಗೈಯಲ್ಲಿಟ್ಟರು. ಕಣ್ಣುಮುಚ್ಚಿ ಬೆರಳಾಡಿಸಿದೆ. ನೆಟ್ಟಗಿದೆ, ಸ್ವಾಮಿ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಜನವರಿಯ ಮಧ್ಯಾಹ್ನ ಕಳೆದುಹೋದ ವಿಳಂಬವನ್ನು ಮನ್ನಿಸಿ, ಹಳೆಯ ಬೇಡಿಕೆಯನ್ನು ರದ್ದುಪಡಿಸಿ, ಹೊಸದನ್ನು ಗುರುವಾರಕ್ಕೆ ಮುಂಚೆ ಮಂಜೂರು ಮಾಡಬೇಕಾಗಿ ಪ್ರಾರ್ಥನೆ. ಸಹಿಯನ್ನು ನಾನು ತಮ್ಮ ಉತ್ತರಕ್ಕೆ ಕಾಯದೆ ನಾಳೆ ಬೆಳಿಗ್ಗೆಯೇ ಹಾಕುತ್ತಿದ್ದೇನೆ. ಇದನ್ನು ಉದ್ಧಟತನವೆಂದು ಭಾವಿಸಬಾರದು. ಭಾವಿಸಿದರೆ ಸಿಟ್ಟು ನನ್ನ ಮೇಲಿರಲಿ.

ತಮ್ಮ ವಿಶ್ವಾಸಿ,
ಹಿಲಾರಿಯಾನ್ ಟಿಕೋನಾ
(ಕನ್ನಡಕ ಹಾಕಿಕೊಂಡು ಬರೆದದ್ದು)

ಲಗತ್ತುಗಳು:
1) ತಮ್ಮ ಕೊರಳಿಂದ ಬಿಚ್ಚಿದ ಹಳೆಯ ದವಡೆ.
2) ಹೊಸ ದವಡೆಯ ಹೆಬ್ಬೆರಳಿನಷ್ಟು ಪ್ರತಿ. ಈ ಸಲ ವೈದ್ಯೆಗೆ ತೋರಿಸಿ ತಿದ್ದಿಸಿದ್ದು.
3) ತಮಗೆ ವಾಡಿಕೆಯ ನೈವೇದ್ಯವಾದ ಸಿಗರೇಟು ಒಂದು. ಹಚ್ಚಿ ತಮ್ಮ ಬಾಯಿಗಿಟ್ಟಿದೆ.

ವಿಶೇಷ ಸೂಚನೆ: ಒಮ್ಮೆ ಧೂಪ ತಗುಲಿದ್ದನ್ನು ಯಾರಿಗಾದರೂ ಕೊಡದೆ ಕಡತ ಮುಚ್ಚುವಂತಿಲ್ಲ ಎಂಬ ನಿಯಮವಿದ್ದಲ್ಲಿ, ಸದರಿ ಓರೆ ದವಡೆಯನ್ನು ಈ ಅರ್ಜಿದಾರನಿಗೇ ಕೊಡತಕ್ಕದ್ದು. ಹಲ್ಲು ಉಳಿದಿರುವುದು ನಾಲ್ಕೇ ಆದ್ದರಿಂದ ಹೊಂದಿಸಲು ತಮಗೂ ಅಷ್ಟೇನೂ ತ್ರಾಸಾಗದು.